ಕೌದಿ ಮತ್ತು ಕವಚ

ನಮ್ಮ ಮನೆಯ ಎದುರು ಸಾಲಿನಲ್ಲಿ ಒಂದು ಹೆಂಚಿನ ಮನೆಯಿದೆ. ಮಧ್ಯಾಹ್ನದ ಊಟ ಮುಗಿದು ಬೀದಿಯೆಲ್ಲ ಮಂಪರಿನಲ್ಲಿರುವಾಗ ಆ ಮನೆಯ ಕಟ್ಟೆಯ ಮೇಲೆ ಒಬ್ಬ ತಾಯಿ ಕೌದಿ ಹೊಲಿಯುತ್ತ ಕುಳಿತಿರುತ್ತಾಳೆ. ಬೈಲಹೊಂಗಲದ ಕಡೆಯ ನಮ್ಮ ಊರುಗಳಲ್ಲಿ ಕೌದಿಯಿಲ್ಲದ ಮನೆ ಅಪರೂಪ. ಹಳೆಯ ಸೀರೆ, ಸವೆದ ಧೋತರ, ಮಕ್ಕಳ ಅಂಗಿಯ ತುಂಡು, ಹೀಗೆ ಉಟ್ಟು ತೊಟ್ಟು ಮುಗಿದುದೆಲ್ಲ ಪದರ ಪದರವಾಗಿ ಸೇರಿ, ಸಣ್ಣ ಸಣ್ಣ ಹೊಲಿಗೆಯಿಂದ ಒಂದಾಗಿ, ಮತ್ತೆ ಹತ್ತಿಪ್ಪತ್ತು ವರ್ಷ ಬಾಳುವ ಹೊದಿಕೆಯಾಗುತ್ತದೆ.

ಆಕೆಯ ಮಗ ನನ್ನ ಶಿಷ್ಯ. ಒಂಬತ್ತನೆಯ ತರಗತಿಯಲ್ಲಿ ನಾನು ಸಂಧಿ ಸಮಾಸಗಳನ್ನು ಹೇಳತೊಡಗಿದೊಡನೆ ಕಿಟಕಿಯ ಹೊರಗೆ ದೃಷ್ಟಿ ನೆಡುತ್ತಿದ್ದ ಹುಡುಗ. ಓಟದಲ್ಲಿ ಮಾತ್ರ ಅವನನ್ನು ಹಿಂದೆ ಹಾಕುವವರು ಸುತ್ತಲ ಊರುಗಳಲ್ಲಿ ಇರಲಿಲ್ಲ. ಈಗ ಅರೆಸೇನಾ ಪಡೆಯೊಂದರಲ್ಲಿ ಜವಾನನಾಗಿದ್ದಾನೆ. ಕಳೆದ ಮಳೆಗಾಲದಲ್ಲಿ ಅವನನ್ನು ಗುಂಡಿನ ಕಾಳಗಗಳು ನಡೆಯುವ ಪ್ರದೇಶವೊಂದಕ್ಕೆ ಕಳುಹಿಸಿದರು. ತಾಯಿಗೆ ಧೈರ್ಯ ಬರಲೆಂದು ಅವನು ಮೊಬೈಲಿನಲ್ಲಿ ತನ್ನದೊಂದು ಚಿತ್ರ ಕಳುಹಿಸಿದ್ದ. ಎದೆ ಬೆನ್ನುಗಳನ್ನು ಮುಚ್ಚಿದ ದಪ್ಪನೆಯ ಜಾಕೀಟು ತೊಟ್ಟು ನಗುತ್ತ ನಿಂತಿದ್ದಾನೆ. ಒಳಗೆ ಬಟ್ಟೆಯ ಪದರಗಳಿವೆ, ಗುಂಡು ಹಾಯುವುದಿಲ್ಲ, ಹೆದರಬೇಡ ಎಂದು ಹೇಳಿದ್ದನಂತೆ.

ಆಕೆ ಆ ಚಿತ್ರವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಳು.

“ಮಾಸ್ತರ, ಒಂದ್ ಮಾತ ಕೇಳ್ತೀನ್ರಿ. ಅರಿವಿ ಗುಂಡ ತಡೀತೈತೇನ್ರಿ?”

“ತಡೀತೈತಿ ತಂಗಿ, ಚಿಂತಿ ಮಾಡಬ್ಯಾಡ” ಎಂದೆ. ಹಿಂದುಮುಂದು ನೋಡದೆ ಬಾಯಿಂದ ಬಂದ ಮಾತು ಅದು.

ಆಕೆ ತಲೆಯಾಡಿಸಲಿಲ್ಲ. “ನಾ ನಾಕ ಪದರಿನ ಕೌದಿ ಹೊಲೀತೀನ್ರಿ. ನನ್ನ ಸೂಜಿ ಸರಳ ಪಾರಾಗತೈತಿ. ಸೂಜಿ ತಡೀಲಾರದ ಅರಿವಿ ಗುಂಡ ಹೆಂಗ ತಡೀತೈತ್ರಿ?”

ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವನು ನಾನು. ಪದದ ಅರ್ಥ ಕೇಳಿದ್ದರೆ ಹೇಳುತ್ತಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಿಳಿಯದೆಯೇ “ಚಿಂತೆ ಮಾಡಬೇಡ” ಎಂದುಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಲ್ಕು ದಿನ ಬಿಟ್ಟು ಹೇಳುತ್ತೇನೆಂದು ಆಕೆಯನ್ನು ಕಳುಹಿಸಿ, ವಿಜ್ಞಾನ ಕಲಿಸುತ್ತಿದ್ದ ನನ್ನ ಹಳೆಯ ಸಹೋದ್ಯೋಗಿಯ ಮನೆಗೆ ಹೋದೆ. ಅವರ ಪುಸ್ತಕಗಳನ್ನೂ ಅವರ ತಾಳ್ಮೆಯನ್ನೂ ಆ ನಾಲ್ಕು ದಿನ ಸಾಕಷ್ಟು ಬಳಸಿಕೊಂಡೆ.

ಪದರ ಬಟ್ಟೆಯನ್ನು ಮೈಗೆ ಕವಚವಾಗಿ ತೊಡುವುದು ಹೊಸ ಸಂಗತಿಯೇನೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದ ಮೈಸೂರಿನಲ್ಲಿ, ಬಟ್ಟೆಯನ್ನು ಪದರ ಪದರವಾಗಿ ಹೊಲಿದು ಮಾಡಿದ ಶಿರಸ್ತ್ರಾಣಗಳೂ ನಡುವಿಗೆ ಸುತ್ತುವ ‘ಪೇಟಿ’ ಎಂಬ ದಪ್ಪ ಪಟ್ಟಿಯೂ ಬಳಕೆಯಲ್ಲಿದ್ದವು. ಅಂಥವು ಇಂದಿಗೂ ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಕತ್ತಿಯ ಏಟಿಗೆ ಅವು ಸಾಕಾಗುತ್ತಿದ್ದವು. ಕೊರಿಯಾ ದೇಶದವರು 1860ರ ದಶಕದಲ್ಲಿ ಬಂದೂಕಿನ ಗುಂಡನ್ನು ತಡೆಯಲೆಂದೇ ಹತ್ತಿಬಟ್ಟೆಯ ಹಲವಾರು ಪದರಗಳ ಅಂಗಿ ಮಾಡಿದರು. 1871ರಲ್ಲಿ ಅಮೆರಿಕದ ಪಡೆಯೊಡನೆ ಗಾಂಗ್‌ಹ್ವಾ ದ್ವೀಪದಲ್ಲಿ ಯುದ್ಧವಾದಾಗ ಅದನ್ನು ತೊಟ್ಟು ಹೋರಾಡಿದರು. ಜೂನ್ ತಿಂಗಳ ಸೆಕೆಯಲ್ಲಿ ಅದನ್ನು ಹೊತ್ತವರ ಪಾಡನ್ನು ನೀವೇ ಊಹಿಸಿಕೊಳ್ಳಿ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಸಂಗ. ಅಮೆರಿಕದ ಅರಿಜೋನ ಸೀಮೆಯಲ್ಲಿ ಟೂಮ್‌ಸ್ಟೋನ್ ಎಂಬ ಬೆಳ್ಳಿಗಣಿಯ ಊರು. ಜೂಜು, ಜಗಳ, ಪಿಸ್ತೂಲು ಅಲ್ಲಿ ನಿತ್ಯದ ವ್ಯವಹಾರ. ಜಾರ್ಜ್ ಗುಡ್‌ಫೆಲೋ ಅಲ್ಲಿಯ ವೈದ್ಯ. 1881ರಲ್ಲಿ ಇಬ್ಬರು ಜೂಜುಕೋರರು ಬೀದಿಯಲ್ಲಿ ಹೊಡೆದಾಡಿದರು. ಒಬ್ಬನು ಎದೆಗೆ ಗುಂಡು ತಗುಲಿ ಸತ್ತ. ವೈದ್ಯನು ಶವವನ್ನು ಪರೀಕ್ಷಿಸುವಾಗ ಗಾಯದೊಳಗೆ ರೇಷ್ಮೆಯ ಬಟ್ಟೆ ಕಂಡಿತು. ಸತ್ತವನ ಜೇಬಿನಲ್ಲಿದ್ದ ಕರವಸ್ತ್ರ ಅದು. ಮೆಲ್ಲನೆ ಹೊರಕ್ಕೆಳೆದರೆ ಬಟ್ಟೆಯೊಡನೆ ಗುಂಡೂ ಹೊರಬಂತು. ಗುಂಡು ಮೂಳೆ ಮಾಂಸಗಳನ್ನು ಸೀಳಿತ್ತು, ಕರವಸ್ತ್ರವನ್ನು ಸೀಳಿರಲಿಲ್ಲ! ಅಂಥದೇ ಇನ್ನೂ ಕೆಲವು ಪ್ರಸಂಗಗಳನ್ನು ಕಂಡು ಗುಡ್‌ಫೆಲೋ 1887ರಲ್ಲಿ ರೇಷ್ಮೆಯ ಈ ಗುಣದ ಬಗೆಗೆ ಒಂದು ಲೇಖನ ಬರೆದ.

ಇದನ್ನು ಓದಿ ನಾನು ಮೊದಲು ಬೆರಗಾದೆ. ಆಮೇಲೆ ಪುಸ್ತಕವನ್ನು ಮುಚ್ಚಿ ಸುಮ್ಮನೆ ಕುಳಿತೆ. ಬಟ್ಟೆ ಹರಿಯಲಿಲ್ಲ, ನಿಜ. ಆದರೆ ಆ ಮನುಷ್ಯ ಸತ್ತುಹೋದ. ಎದುರುಮನೆಯ ತಾಯಿ ಕೇಳಿದ್ದು ಬಟ್ಟೆಯ ವಿಷಯವನ್ನಲ್ಲ.

ಗುಂಡಿನ ಬಲವೆಷ್ಟು ಎಂಬುದನ್ನು ಮೊದಲು ನೋಡೋಣ. ಪೊಲೀಸರ ಸೊಂಟದಲ್ಲಿರುವ ಒಂಬತ್ತು ಮಿಲಿಮೀಟರ್ ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 360 ಮೀಟರ್ ವೇಗದಲ್ಲಿ ಹಾರುತ್ತದೆ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ ದೊರೆಯುತ್ತದೆ ಎಂದು ನೀವು ಓದುತ್ತಿದ್ದೀರಿ. ಲೆಕ್ಕ ಹಾಕಿ ನೋಡಿ, ಸುಮಾರು 500 ಜೂಲ್ ಬರುತ್ತದೆ. ಹತ್ತು ಕಿಲೋ ಜೋಳದ ಚೀಲವೊಂದು ಐದು ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದರೆ ಇರುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಚೀಲವು ನೆಲದ ಮೇಲೆ ಒಂದು ಗುರುತನ್ನೂ ಮಾಡದು. ಗುಂಡು ಅದೇ ಶಕ್ತಿಯನ್ನು ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ, ಕಣ್ಣು ಮಿಟುಕಿಸುವುದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ ಸುರಿದುಬಿಡುತ್ತದೆ. ಕೇಡಿರುವುದು ಅಲ್ಲಿ. ಹಾಗಾದರೆ ಕವಚದ ಕೆಲಸವೇನೆಂಬುದು ಸ್ಪಷ್ಟವಾಯಿತು. ಉಗುರಿನಗಲದ ಏಟನ್ನು ಅಂಗೈಯಗಲ, ಮೊರದಗಲ ಮಾಡಬೇಕು. ಕ್ಷಣದ ಏಟನ್ನು ಎಷ್ಟಾದರೆ ಅಷ್ಟು ಎಳೆದು ನಿಧಾನ ಮಾಡಬೇಕು.

ನನ್ನ ಸ್ನೇಹಿತರು ಇದನ್ನು ತೋರಿಸಲು ಹಿತ್ತಿಲಲ್ಲಿ ಒಂದು ಹಳೆಯ ಹಾಸುಬಟ್ಟೆಯನ್ನು ಹಗ್ಗದ ಮೇಲೆ ಸಡಿಲಾಗಿ ನೇತುಹಾಕಿ, ಕೆಳಗಿನ ಅಂಚನ್ನು ಜೋಳಿಗೆಯಂತೆ ನನ್ನ ಕೈಗೆ ಹಿಡಿಸಿದರು. ಅಡಿಗೆಮನೆಯಿಂದ ಕೋಳಿಮೊಟ್ಟೆಯೊಂದನ್ನು ತಂದು ಬಲವಾಗಿ ಬೀಸಿ ಬಟ್ಟೆಗೆ ಹೊಡೆದರು. ಮೊಟ್ಟೆ ಒಡೆಯಲಿಲ್ಲ. ಬಟ್ಟೆಯನ್ನು ಹಿಂದಕ್ಕೆ ತಳ್ಳಿ, ಜಾರಿ, ಜೋಳಿಗೆಯಲ್ಲಿ ಬಂದು ಕುಳಿತಿತು. ಅದೇ ಮೊಟ್ಟೆಯನ್ನು ಗೋಡೆಗೆ ಹೊಡೆದರೇನಾಗುವುದೆಂದು ಪ್ರಯೋಗ ಮಾಡಲು ಅವರ ಮನೆಯಾಕೆ ಒಪ್ಪಲಿಲ್ಲ. ಗೋಡೆ ಎದುರು ನಿಲ್ಲುತ್ತದೆ, ಬಟ್ಟೆ ಸರಿದು ಕೊಡುತ್ತದೆ. ಸರಿದು ಕೊಡುವಾಗಲೇ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಕಸಿದುಕೊಳ್ಳುತ್ತದೆ. ಹಾಸುಬಟ್ಟೆಗೆ ಸರಿಯಲು ಒಂದು ಮೊಳ ಜಾಗವಿತ್ತು. ಎದೆಯ ಮೇಲಿನ ಕವಚಕ್ಕೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಮೂರು ನಾಲ್ಕು ಸೆಂಟಿಮೀಟರಿನೊಳಗೆ ಎಲ್ಲವೂ ಮುಗಿಯಬೇಕು. ಅದಕ್ಕೆ ನಮ್ಮ ಹತ್ತಿಯ ನೂಲು ಸಾಲದು. ರೇಷ್ಮೆ ಕೆಲಮಟ್ಟಿಗೆ ಸಾಕು. ಷಿಕಾಗೋ ನಗರದ ಮೇಯರನ್ನು 1893ರಲ್ಲಿ ಒಬ್ಬನು ಗುಂಡಿಟ್ಟು ಕೊಂದ ಮೇಲೆ, ಅಲ್ಲಿದ್ದ ಪೋಲೆಂಡ್ ಮೂಲದ ಪಾದ್ರಿ ಕಾಜಿಮಿರ್ ಜೆಗ್ಲೆನ್ ದಟ್ಟವಾದ ರೇಷ್ಮೆಯ ಕವಚವನ್ನು ನೇಯಿಸಿ 1897ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ತಾನೇ ಅದನ್ನು ತೊಟ್ಟು ಜನರೆದುರು ನಿಂತು ಗುಂಡು ಹೊಡೆಸಿಕೊಂಡ. ಆ ಕಾಲದ ನಿಧಾನವಾದ ಪಿಸ್ತೂಲುಗಳಿಗೆ ಅದು ಸಾಕಾಯಿತು. ಬಂದೂಕುಗಳು ಚುರುಕಾದಂತೆ ರೇಷ್ಮೆ ಹಿಂದೆ ಬಿತ್ತು.

ಇಲ್ಲಿಗೆ ಕಥೆಯೊಳಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ.

ಸ್ಟೆಫನಿ ಕ್ವೋಲೆಕ್ 1923ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ನ್ಯೂ ಕೆನ್ಸಿಂಗ್ಟನ್ ಎಂಬ ಊರಿನಲ್ಲಿ ಹುಟ್ಟಿದಳು. ಹತ್ತು ವರ್ಷದವಳಿದ್ದಾಗ ತಂದೆ ತೀರಿಕೊಂಡ. ತಾಯಿಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಮಗಳಿಗೂ ಬಟ್ಟೆಯೆಂದರೆ, ಹೊಲಿಗೆಯೆಂದರೆ ಪ್ರಾಣ. ಆದರೆ ಆಕೆಯ ಆಸೆಯಿದ್ದುದು ವೈದ್ಯಳಾಗಬೇಕೆಂದು. ಓದಲು ಹಣವಿರಲಿಲ್ಲ. 1946ರಲ್ಲಿ ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಕೆಲವು ವರ್ಷ ದುಡಿದು ಹಣ ಕೂಡಿಸಿಕೊಂಡು ಮುಂದೆ ವೈದ್ಯಶಾಲೆಗೆ ಸೇರೋಣವೆಂದು ಡ್ಯುಪಾಂಟ್ ಕಂಪನಿಯಲ್ಲಿ ಕೆಲಸಕ್ಕೆ ನಿಂತಳು. ಆ ‘ಕೆಲವು ವರ್ಷ’ ನಲವತ್ತು ವರ್ಷವಾಯಿತು.

1964ರ ಸುಮಾರಿಗೆ ಅವಳ ತಂಡಕ್ಕೆ ಒಪ್ಪಿಸಿದ ಕೆಲಸಕ್ಕೂ ಕವಚಕ್ಕೂ ಸಂಬಂಧವಿರಲಿಲ್ಲ. ಪೆಟ್ರೋಲಿನ ಕೊರತೆ ಬರಬಹುದೆಂಬ ಅಂಜಿಕೆಯಿದ್ದ ಕಾಲ. ಮೋಟಾರಿನ ಟೈರುಗಳನ್ನು ಹಗುರಗೊಳಿಸುವ ಗಟ್ಟಿ ನಾರೊಂದು ಬೇಕಾಗಿತ್ತು. ಕ್ವೋಲೆಕ್ ಒಂದು ದ್ರಾವಣ ತಯಾರಿಸಿದಳು. ನಾರು ತೆಗೆಯುವ ದ್ರಾವಣ ಸಾಮಾನ್ಯವಾಗಿ ಕಾಕಂಬಿಯಂತೆ ಗಟ್ಟಿಯಾಗಿ, ತಿಳಿಯಾಗಿ ಇರಬೇಕು. ಇದು ನೀರಾಗಿತ್ತು, ಮೇಲಾಗಿ ಕದಡಿಕೊಂಡು ಮಜ್ಜಿಗೆಯಂತೆ ಕಾಣುತ್ತಿತ್ತು. ಬೇರೆ ಯಾರೇ ಆಗಿದ್ದರೂ ಚೆಲ್ಲಿಬಿಡುತ್ತಿದ್ದರು. ನಾರು ತೆಗೆಯುವ ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು, ಇದರೊಳಗೆ ಕಣಗಳಿವೆ, ನನ್ನ ಯಂತ್ರದ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ ಎಂದು ಮುಟ್ಟಲು ಒಪ್ಪಲಿಲ್ಲ. ಆಕೆ ಅದನ್ನು ಸೋಸಿ ನೋಡಿದಳು. ಕಣಗಳಿರಲಿಲ್ಲ. ಬಿಡದೆ ಕೇಳಿ ಕೇಳಿ ಕೊನೆಗೆ ಅವನನ್ನು ಒಪ್ಪಿಸಿದಳು. ಬಂದ ನಾರು ಎಳೆದರೆ ಹರಿಯದು. ಅಳೆದಾಗ ಬಂದ ಅಂಕಿಯನ್ನು ನಂಬದೆ ಮತ್ತೆ ಮತ್ತೆ ಅಳೆಸಿದಳು. ತಪ್ಪಿಲ್ಲವೆಂದು ಖಚಿತವಾದ ಮೇಲೆಯೇ ಮೇಲಿನವರಿಗೆ ಹೇಳಿದಳು. ಅದೇ ಮುಂದೆ ಕೆವ್ಲಾರ್ ಎಂಬ ಹೆಸರಿನಿಂದ ಪೇಟೆಗೆ ಬಂದ ನಾರು. ಹೊನ್ನಿನ ಬಣ್ಣ, ತೂಕಕ್ಕೆ ತೂಕ ಇಟ್ಟು ನೋಡಿದರೆ ಉಕ್ಕಿಗಿಂತ ಐದು ಪಟ್ಟು ಬಲ.

ಆ ಮಜ್ಜಿಗೆಯಲ್ಲೇ ಗುಟ್ಟಿತ್ತು. ನೈಲಾನಿನ ಅಣುಸರಪಳಿಗಳು ಬೇಯಿಸಿದ ಶಾವಿಗೆಯಂತೆ ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಕೆವ್ಲಾರಿನವು ಒಣಗಿಸಿಟ್ಟ ಶಾವಿಗೆಯ ಕಡ್ಡಿಗಳಂತೆ ನೆಟ್ಟಗೆ, ಬಿರುಸಾಗಿ ಇರುತ್ತವೆ. ದ್ರಾವಣದಲ್ಲಿಯೇ ಅವು ಹೊಳೆಯಲ್ಲಿ ತೇಲಿಬಿಟ್ಟ ಬಿದಿರಿನ ಗಳಗಳಂತೆ ಒಂದರ ಪಕ್ಕಕ್ಕೊಂದು ಸಾಲುಗೂಡುತ್ತವೆ. ಹಾಗೆ ಸಾಲುಗೂಡಿದ್ದರಿಂದಲೇ ದ್ರಾವಣ ಕದಡಿದಂತೆ ಕಾಣುತ್ತಿತ್ತು. ನಾರಾಗಿ ಹೊರಬಂದಾಗಲೂ ಆ ಸಾಲು ಕೆಡುವುದಿಲ್ಲ. ಎಳೆದರೆ ಹಿಗ್ಗಲು ಸುರುಳಿಯೇ ಇಲ್ಲ, ಎಳೆತವೆಲ್ಲ ನೇರವಾಗಿ ಅಣುಗಳ ಬೆಸುಗೆಯ ಮೇಲೆಯೇ ಬೀಳುತ್ತದೆ. ಅದನ್ನು ಕವಚಕ್ಕೆ ಬಳಸಬಹುದೆಂಬ ಯೋಚನೆ ಆಮೇಲೆ ಬಂದದ್ದು. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ನ್ಯಾಯ ಇಲಾಖೆಯಲ್ಲಿದ್ದ ಲೆಸ್ಟರ್ ಷುಬಿನ್ ಎಂಬಾತ ಈ ಟೈರಿನ ಬಟ್ಟೆಯನ್ನು ಮಡಿಸಿ ಅದರ ಮೇಲೆ ಗುಂಡು ಹಾರಿಸಿ ನೋಡಿದ. 1975ರ ಡಿಸೆಂಬರಿನಲ್ಲಿ ಸಿಯಾಟಲ್ ನಗರದಲ್ಲಿ ಒಬ್ಬ ಪೊಲೀಸ್ ಪೇದೆಯ ಜೀವ ಇಂಥ ಕವಚದಿಂದ ಉಳಿಯಿತು.

ಈಗ ಗುಂಡು ಕವಚವನ್ನು ಮುಟ್ಟುವ ಕ್ಷಣಕ್ಕೆ ಬರೋಣ. ಪಿಸ್ತೂಲಿನ ಗುಂಡನ್ನು ತಡೆಯುವ ಮೆತ್ತನೆಯ ಕವಚದಲ್ಲಿ ಇಂಥ ಬಟ್ಟೆಯ ಇಪ್ಪತ್ತು ಮೂವತ್ತು ಪದರಗಳಿರುತ್ತವೆ. ಎಲ್ಲ ಸೇರಿದರೂ ದಪ್ಪ ಸುಮಾರು ಒಂದು ಸೆಂಟಿಮೀಟರಿನಷ್ಟೇ. ಗುಂಡು ಮೊದಲ ಪದರವನ್ನು ಮುಟ್ಟುತ್ತಲೇ ಅದರ ಮೂತಿಗೆ ಸಿಕ್ಕ ಕೆಲವು ನೂಲುಗಳು ಹಿಂದಕ್ಕೆ ತಳ್ಳಲ್ಪಡುತ್ತವೆ. ಆ ಎಳೆತದ ಸುದ್ದಿ ನೂಲಿನ ಎರಡೂ ದಿಕ್ಕಿಗೆ ಅಲೆಯಾಗಿ ಓಡುತ್ತದೆ. ಎಷ್ಟು ವೇಗ ಗೊತ್ತೇ? ಸೆಕೆಂಡಿಗೆ ಸುಮಾರು 7 ಕಿಲೋಮೀಟರ್, ಗಾಳಿಯಲ್ಲಿ ಶಬ್ದ ಸಾಗುವ ವೇಗದ ಇಪ್ಪತ್ತು ಪಟ್ಟು. ಗುಂಡು ಎರಡು ಸೆಂಟಿಮೀಟರ್ ಮುಂದೆ ಬರುವಷ್ಟರಲ್ಲಿ ಈ ಸುದ್ದಿ ಒಂದು ಅಡಿಗಿಂತಲೂ ಆಚೆ, ಅಂದರೆ ಕವಚದ ಅಂಚಿನವರೆಗೆ ಮುಟ್ಟಿಬಿಟ್ಟಿರುತ್ತದೆ. ಸುದ್ದಿ ಮುಟ್ಟಿದ ಉದ್ದಕ್ಕೂ ನೂಲು ಏಟನ್ನು ಹೊರಲು ಹೆಗಲು ಕೊಡುತ್ತದೆ. ಅದಕ್ಕೆ ಅಡ್ಡವಾಗಿ ಹಾಯುವ ನೂಲುಗಳನ್ನೂ ಎಳೆದುಕೊಳ್ಳುತ್ತದೆ. ಅವು ತಮ್ಮ ನೆರೆಯ ನೂಲುಗಳನ್ನು ಎಳೆಯುತ್ತವೆ. ಇದರ ಹಿಂದೆ ಇನ್ನೊಂದು, ನಿಧಾನವಾದ ಅಲೆ ಬಟ್ಟೆಯನ್ನು ಡೇರೆಯ ಆಕಾರದಲ್ಲಿ ಒಳಕ್ಕೆ ಉಬ್ಬಿಸುತ್ತ ಬರುತ್ತದೆ. ನಾರು ಹಗುರವಾಗಿಯೂ ಬಿರುಸಾಗಿಯೂ ಇದ್ದಷ್ಟೂ ಸುದ್ದಿ ಬೇಗ ಮುಟ್ಟುತ್ತದೆ. ಹತ್ತಿಯಲ್ಲಿ ಅದು ತೀರ ನಿಧಾನ. ನೆರೆಯವರಿಗೆ ಗೊತ್ತಾಗುವಷ್ಟರಲ್ಲಿ ಗುಂಡಿನ ಎದುರಿಗಿದ್ದ ನೂಲು ಹರಿದುಹೋಗಿರುತ್ತದೆ.

ಮೊದಲ ಕೆಲವು ಪದರಗಳು ಕೆವ್ಲಾರಿನಲ್ಲಿಯೂ ಹರಿಯುತ್ತವೆ. ಹರಿಯುವಾಗ ಗುಂಡಿನಿಂದ ತಮ್ಮ ಪಾಲನ್ನು ಕಿತ್ತುಕೊಂಡೇ ಹರಿಯುತ್ತವೆ. ನಾರುಗಳು ಹಿಗ್ಗುವುದಕ್ಕೆ ಒಂದಷ್ಟು ಶಕ್ತಿ, ನೂಲಿನ ಮೇಲೆ ನೂಲು ಉಜ್ಜಿ ಜಾರುವುದಕ್ಕೆ ಒಂದಷ್ಟು, ಬಟ್ಟೆಯೇ ಹಿಂದಕ್ಕೆ ಚಿಮ್ಮುವುದಕ್ಕೆ ಇನ್ನೊಂದಷ್ಟು. ಗುಂಡೂ ಸುಮ್ಮನಿರುವುದಿಲ್ಲ. ಅದರೊಳಗಿನ ಸೀಸ ಮೃದು ಲೋಹ. ಬಟ್ಟೆಗೆ ಒತ್ತಿಕೊಂಡಂತೆಲ್ಲ ಅಣಬೆಯ ಹಾಗೆ ಅಗಲವಾಗುತ್ತದೆ. ಅಗಲವಾದಷ್ಟೂ ಹೆಚ್ಚು ನೂಲುಗಳು ಅದರೆದುರಿಗೆ ಬರುತ್ತವೆ. ತನ್ನನ್ನು ಹಿಡಿಯುವವರನ್ನು ತಾನೇ ಕೂಗಿ ಕರೆದಂತಾಯಿತು. ಹಿಂದಿನ ಪದರಗಳಿಗೆ ಬರುವಷ್ಟರಲ್ಲಿ ಗುಂಡು ಚಪ್ಪಟೆಯಾದ ಬಿಲ್ಲೆಯಾಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಸೂಜಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಸೂಜಿಗೆ ನೂಲನ್ನು ಹರಿಯುವ ಅಗತ್ಯವೇ ಇಲ್ಲ. ಎರಡು ನೂಲುಗಳ ನಡುವೆ ಸಂದು ಹುಡುಕಿ, ಅವನ್ನು ಅತ್ತಿತ್ತ ಸರಿಸಿ, ನುಸುಳಿಹೋಗುತ್ತದೆ. ಯಾರಿಗೂ ಎಳೆತದ ಸುದ್ದಿ ಮುಟ್ಟುವುದಿಲ್ಲ. ಮೊಂಡು ಮೂತಿಯ ಗುಂಡಿಗೆ ಸಂದಿಲ್ಲ. ಅದು ಹತ್ತಾರು ನೂಲುಗಳೊಡನೆ ಒಮ್ಮೆಲೇ ಜಗಳ ತೆಗೆಯಬೇಕು. ಪಿಸ್ತೂಲಿನ ಗುಂಡನ್ನು ತಡೆಯುವ ಎಷ್ಟೋ ಕವಚಗಳನ್ನು ಚೂಪಾದ ಚಾಕುವಿನ ಇರಿತ ದಾಟಬಲ್ಲದು ಎಂದು ಓದಿದಾಗ, ಶಾಲೆಯ ಮೆಟ್ಟಿಲು ಹತ್ತದ ನಮ್ಮೂರ ಹೆಂಗಸಿನ ಅನುಮಾನ ಎಷ್ಟು ನೇರವಾಗಿ ಮರ್ಮಕ್ಕೆ ತಾಗಿತ್ತೆಂದು ಬೆರಗಾಯಿತು.

ಈಚಿನ ಕೆಲವು ಕವಚಗಳಲ್ಲಿ ನೇಯ್ಗೆಯೇ ಇಲ್ಲ. ನೂಲುಗಳು ಒಂದರ ಮೇಲೊಂದು ಹಾಯುವ ಗಂಟಿನಲ್ಲಿ ಅಲೆ ತಡೆದು ಹಿಂದಿರುಗುವುದರಿಂದ, ನಾರುಗಳನ್ನು ಬರಿಯ ಸಾಲಾಗಿ ಹಾಸಿ, ಮೇಲಿನ ಪದರವನ್ನು ಅಡ್ಡಡ್ಡಲಾಗಿ ಇಟ್ಟು ಅಂಟಿಸುತ್ತಾರೆ. ಅದಕ್ಕೆ ಹೆಚ್ಚಾಗಿ ಬಳಸುವ ನಾರು ಪಾಲಿಥೀನ್. ನಾವು ಬಳಸಿ ಬೀದಿಗೆಸೆಯುವ ಹಾಲಿನ ಚೀಲದ ಜಾತಿಯದೇ. ಅಣುಸರಪಳಿ ಮಾತ್ರ ಬಹಳ ಬಹಳ ಉದ್ದ.

ಇಷ್ಟೆಲ್ಲ ತಿಳಿದುಕೊಂಡು ಉತ್ಸಾಹದಿಂದ ಎದ್ದು ಹೊರಟ ನನ್ನನ್ನು ಸ್ನೇಹಿತರು ತಡೆದರು. “ಅರ್ಧವನ್ನಷ್ಟೇ ಹೇಳಬೇಡಿ” ಎಂದರು. ಕವಚವನ್ನು ಪರೀಕ್ಷಿಸುವಾಗ ಅದರ ಹಿಂದೆ ಎಣ್ಣೆ ಬೆರೆಸಿದ ಜೇಡಿಮಣ್ಣಿನ ಮುದ್ದೆ ಇಟ್ಟು ಗುಂಡು ಹಾರಿಸುತ್ತಾರೆ. ಗುಂಡು ತೂರದಿದ್ದರೆ ಸಾಲದು, ಮಣ್ಣಿನಲ್ಲಿ ಬಿದ್ದ ಗುಳಿಯ ಆಳವನ್ನೂ ಅಳೆಯುತ್ತಾರೆ. ಅಮೆರಿಕದ ನಿಯಮದಂತೆ ಅದು 44 ಮಿಲಿಮೀಟರನ್ನು ಮೀರಬಾರದು. ಆ ಗುಳಿ ಬೀಳುವುದು ಕವಚ ತೊಟ್ಟವನ ಎದೆಯಲ್ಲಿ. ಚರ್ಮ ಕಂದುಗಟ್ಟುತ್ತದೆ, ಪಕ್ಕೆಲುಬು ಮುರಿಯಲೂಬಹುದು. ಟೂಮ್‌ಸ್ಟೋನಿನ ಕರವಸ್ತ್ರ ನನಗೆ ಮತ್ತೆ ನೆನಪಾಯಿತು. ರೇಷ್ಮೆಯ ‘ಡೇರೆ’ ಅಂದು ಎದೆಯೊಳಕ್ಕೆ ಉಬ್ಬಿತ್ತು.

ಬಂದೂಕಿನ ಮಾತು ಇನ್ನೂ ಕಠಿಣ. ಎ.ಕೆ. 47 ಬಂದೂಕಿನ ಗುಂಡೂ ತೂಗುವುದು ಸುಮಾರು 8 ಗ್ರಾಂ. ವೇಗ ಮಾತ್ರ ಪಿಸ್ತೂಲಿನ ಗುಂಡಿನ ಎರಡರಷ್ಟು, ಸೆಕೆಂಡಿಗೆ 700 ಮೀಟರಿಗೂ ಮೇಲೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಅಂದರೆ 2000 ಜೂಲ್. ಮೂತಿಯೂ ಚೂಪು. ಮೆತ್ತನೆಯ ಪದರಗಳು ಅದರೆದುರು ನಿಲ್ಲಲಾರವು. ಅದಕ್ಕಾಗಿ ಎದೆಗೂ ಬೆನ್ನಿಗೂ ಪಿಂಗಾಣಿಯ ಜಾತಿಯ ಗಡುಸಾದ ಫಲಕವನ್ನು ಸೇರಿಸುತ್ತಾರೆ. ಗುಂಡಿನ ಮೂತಿ ಅದಕ್ಕೆ ಬಡಿದು ಜಜ್ಜಿಹೋಗುತ್ತದೆ; ಫಲಕವೂ ಒಡೆಯುತ್ತದೆ; ಒಡೆದ ಚೂರುಗಳನ್ನೂ ಗುಂಡಿನ ಉಳಿಕೆಯನ್ನೂ ಹಿಂದಿನ ನಾರಿನ ಪದರಗಳು ಹಿಡಿದುಕೊಳ್ಳುತ್ತವೆ. ಭಾರ ಹೆಚ್ಚುವುದು ಈ ಫಲಕಗಳಿಂದಲೇ. ನಮ್ಮ ದೇಶದಲ್ಲಿಯೂ ರಕ್ಷಣಾ ಸಂಶೋಧನಾ ಸಂಸ್ಥೆಯ ಕಾನ್ಪುರದ ಪ್ರಯೋಗಾಲಯ ಇದನ್ನು ಹಗುರಗೊಳಿಸಲು ದುಡಿದಿದೆ. 2018ರಲ್ಲಿ ಭಾರತೀಯ ಮಾನಕ ಸಂಸ್ಥೆ ಇಂಥ ಜಾಕೀಟುಗಳ ಪರೀಕ್ಷೆಗೆ ನಮ್ಮದೇ ಆದ ಮಾನಕವನ್ನು ಹೊರಡಿಸಿತು.

ನಾರಿಗೆ ಮುಪ್ಪೂ ಉಂಟು. ಬಿಸಿಲು ಕೆವ್ಲಾರನ್ನು ಸೊರಗಿಸುತ್ತದೆ. ಜೈಲಾನ್ ಎಂಬ ಇನ್ನೊಂದು ನಾರು ಹೊಸದಾಗಿ ಬಂದಾಗ ಕೆವ್ಲಾರಿಗಿಂತ ಬಲಶಾಲಿಯೆಂದು ಹೊಗಳಿಸಿಕೊಂಡಿತ್ತು. 2003ರಲ್ಲಿ ಪೆನ್ಸಿಲ್ವೇನಿಯದ ಪೊಲೀಸ್ ಅಧಿಕಾರಿಯೊಬ್ಬನ ಜೈಲಾನ್ ಕವಚವನ್ನು, ಅದು ತಡೆಯಲೇಬೇಕಾಗಿದ್ದ ಗುಂಡು ಸೀಳಿಕೊಂಡು ಹೋಯಿತು. ಬಿಸಿಗೂ ತೇವಕ್ಕೂ ಆ ನಾರು ಒಳಗೊಳಗೇ ಬಲಗುಂದುತ್ತಿತ್ತೆಂದು ಆಮೇಲೆ ಗೊತ್ತಾಯಿತು. 2005ರಲ್ಲಿ ಅಂಥ ಕವಚಗಳ ಮನ್ನಣೆಯನ್ನು ಅಲ್ಲಿನ ಸರ್ಕಾರದ ಸಂಸ್ಥೆ ಹಿಂತೆಗೆದುಕೊಂಡಿತು. ಮನುಷ್ಯನ ಬೆವರಿಗೆ ಅಂಟಿಕೊಂಡಿರುವ ಬಟ್ಟೆಗೆ ತೇವವನ್ನು ತಾಳುವ ಗುಣವಿರಬೇಕೆಂಬುದು ಪರೀಕ್ಷೆ ಮಾಡಿದವರಿಗೆ ಮೊದಲೇ ಏಕೆ ಹೊಳೆಯಲಿಲ್ಲವೋ!

ಐದನೆಯ ದಿನ ಮಧ್ಯಾಹ್ನ ನಾನೇ ಆ ಕಟ್ಟೆಗೆ ಹೋದೆ. ಆಕೆಯ ಮಡಿಲಲ್ಲಿ ಹೊಸ ಕೌದಿಯಿತ್ತು. ಮಗ ದೀಪಾವಳಿಗೆ ಬಂದು ಹಿಂದಿರುಗುವಾಗ ಜೊತೆಗೆ ಕೊಡಬೇಕೆಂದು ಹೊಲಿಯುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಸೂಜಿಯ ಮಾತನ್ನೂ ಹೇಳಿದೆ, ಸುದ್ದಿ ಓಡುವ ನೂಲಿನ ಮಾತನ್ನೂ ಹೇಳಿದೆ. ಕೌದಿಯ ಒಂದು ಎಳೆಯನ್ನು ಚಿವುಟಿ ಎಳೆದು, ನೆರೆಯ ಎಳೆಗಳು ಹೇಗೆ ಸುಕ್ಕುಗಟ್ಟಿ ಬರುತ್ತವೆಂದು ತೋರಿಸಿದೆ. ಆಕೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಕ್ವೋಲೆಕ್‌ಳ ಮಜ್ಜಿಗೆಯ ಕಥೆ ಹೇಳಿದಾಗ ಸೂಜಿಯನ್ನು ಕೆಳಗಿಟ್ಟು ಕೇಳಿದಳು.

“ಆಕಿಗೆ ಮಕ್ಕಳಿದ್ದವೇನ್ರಿ?”

ಇರಲಿಲ್ಲ, ಮದುವೆಯೇ ಆಗಲಿಲ್ಲ ಎಂದೆ. 2014ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ವೇಳೆಗೆ ಆಕೆಯ ನಾರಿನ ಕವಚಗಳು ಹತ್ತು ಲಕ್ಷ ಮಾರಾಟವಾಗಿದ್ದವಂತೆ ಎಂದೆ. ಆಕೆ ಏನೂ ಹೇಳಲಿಲ್ಲ.

ಆಮೇಲೆ, ಹೇಳಬೇಕಾದ ಉಳಿದರ್ಧ. ಏಟು ಬಿದ್ದರೆ ನೋವಾಗುತ್ತದೆ, ಎಲುಬು ಮುರಿಯಬಹುದು ಎಂದೆ. ಎದೆಗೂ ಬೆನ್ನಿಗೂ ಗಟ್ಟಿ ಫಲಕವಿದೆ, ಬಗಲಿಗೆ ಅಷ್ಟು ಇಲ್ಲ ಎಂದೆ. ಅಲ್ಲಿಗೆ ನನ್ನ ಮಾತು ನಿಂತಿತು. ಆಕೆ ಮೊಬೈಲನ್ನು ತೆಗೆದು ಆ ಚಿತ್ರವನ್ನು ಮತ್ತೆ ನೋಡಿದಳು. ಬೆರಳನ್ನು ಮಗನ ಕೊರಳಿನ ಮೇಲೆ ಇಟ್ಟಳು. ತೋಳಿನ ಮೇಲೆ ಇಟ್ಟಳು. ನನ್ನ ಮುಖ ನೋಡಿದಳು.

“ಇಲ್ಲಿ ಏನೂ ಇಲ್ಲ ತಂಗಿ” ಎಂದೆ.

ಬೀದಿಯಲ್ಲಿ ಸೈಕಲ್ಲೊಂದು ಹಾದುಹೋಯಿತು. ನಾನು ಏಕಾದರೂ ಹೇಳಿದೆನೋ ಎಂದು ಅರೆಕ್ಷಣ ಅನಿಸಿತು. ಆದರೆ ಆಕೆಯ ದನಿಯಲ್ಲಿ ಗಾಬರಿಯಿರಲಿಲ್ಲ. “ಖರೇ ಹೇಳಿದ್ರಿ, ಬೇಷಾತ್ರಿ. ಇನ್ ಮ್ಯಾಲ ಫೋನಿನ್ಯಾಗ ಅವ ‘ಏನೂ ಆಗೂದಿಲ್ಲ’ ಅಂದ್ರ ನಾ ಸುಮ್ನ ಕೇಳ್ತೀನಿ. ಅವನ ಸಮಾಧಾನಕ್ಕ” ಎಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ಆ ಜಾಕೀಟ ಒಣಗಾಕ ಬಿಸಲಾಗ ಹಾಕಬ್ಯಾಡ ಅಂತ ಹೇಳ್ತೀನ್ರಿ. ಕೌದಿಗೆ ಬಿಸಲ ಬೇಕು, ಅದಕ್ಕ ಆಗೂದಿಲ್ಲಲ್ಲ?” ಎಂದು ಕೇಳಿದಳು. ಹೌದೆಂದೆ.

“ತೂಕ ಎಷ್ಟ ಇರ್ತೈತ್ರಿ?”

“ಫಲಕ ಎಲ್ಲಾ ಕೂಡಿ ಹತ್ತ ಕಿಲೋದ ಆಜೂಬಾಜೂ.”

ಆಕೆ ಮಡಿಲಿನ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು. ಐದು ಪದರ ಇಟ್ಟಿದ್ದಳು. ಹೊಲಿಗೆ ಇನ್ನೂ ಒಂದು ಮೂಲೆಯಲ್ಲಿಯೇ ಇತ್ತು. ಸೂಜಿಯ ಮೊನೆಯಿಂದ ದಾರವನ್ನು ಒಂದೊಂದಾಗಿ ಬಿಡಿಸತೊಡಗಿದಳು. ಮೂಲೆ ಸಡಿಲವಾದ ಮೇಲೆ ನಡುವಿನ ಒಂದು ಪದರವನ್ನು, ತನ್ನ ಹಳೆಯ ಇಳಕಲ್ ಸೀರೆಯ ತುಂಡನ್ನು, ಮೆಲ್ಲಗೆ ಹೊರಗೆಳೆದು ಮಡಿಸಿ ಪಕ್ಕಕ್ಕಿಟ್ಟಳು.